…ಪ್ರಸಾದ್ ಎಂಬುವವರ ಪಾರ್ಸೆಲ್ಲು

೧

ಡಬ್ಬಿಯಿಂದ ಶುರು ಮಾಡಲೋ, ಡಬ್ಬಿ ತೆರೆದ ಕೈಯಿಂದ ಶುರು ಮಾಡಲೋ? ಡಬ್ಬಿಯಿಂದ ಹೊರಟರೆ ಇದು ಪತ್ತೇದಾರಿ ಕಥೆಯಾಗುತ್ತದೆ. ಕೈಯಿಂದ ಹೊರಟರೆ ಮೊದಲ ಸಾಲಿನಲ್ಲೇ ವನಜಾಕ್ಷಿ ಕಳ್ಳಿಯಾಗುತ್ತಾಳೆ. ಎರಡನ್ನೂ ಬರೆದು ಎರಡನ್ನೂ ಹರಿದು, ತುರುವೇಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಗೆ ಹೋಗಿ ಅವಳನ್ನೇ ಕೇಳಿದೆ.

"ಅಂಗಡಿಯಿಂದ ಶುರು ಮಾಡಿ," ಎಂದಳು ಅವಳು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ. "ಅಂಗಡಿ ಎಂಥದ್ದು ಅಂತ ಗೊತ್ತಾದ್ರೆ ನಾನು ಎಂಥೋಳು ಅಂತ ಗೊತ್ತಾಯ್ತದೆ. ಆಮೇಲೆ ಬೈಯೋರು ಬೈಕಳ್ಳಿ."

(ಪಾತ್ರವನ್ನು ಕೇಳಿಕೊಂಡು ಕಥೆ ಬರೆಯಬಾರದು ಎಂದು ನನಗೂ ಗೊತ್ತು. ಆದರೆ ಈ ಪಾತ್ರದ ಬಳಿ ನನ್ನ ಎರಡು ಬ್ಲೌಸುಗಳಿವೆ. ಸುಳ್ಳು ಬರೆದರೆ ತೋಳು ಬಿಗಿಯಾಗುತ್ತದೆ.)

೨

ಸರಿ, ಅಂಗಡಿ. ಎಂಟಡಿಗೆ ಹತ್ತಡಿ. ಎರಡು ಹೊಲಿಗೆ ಮಿಷನ್ನು, ಗೋಡೆಗೆ ಒರಗಿದ ಕಟಿಂಗ್ ಟೇಬಲ್ಲು, ಹಿಂದುಗಡೆ ಅಳತೆ ತೆಗೆಯಲು ಪರದೆ ಬಿಟ್ಟ ಒಂದು ಮೂಲೆ. ವನಜಾಕ್ಷಿಗೆ ಈಗ ನಲವತ್ತೊಂಬತ್ತು. ಇಪ್ಪತ್ತಾರು ವರ್ಷದಿಂದ ಇದೇ ಅಂಗಡಿ. ಗಂಡ ಸಣ್ಣತಿಮ್ಮಯ್ಯ ತೋಟದಿಂದ ತೋಟಕ್ಕೆ ಹೋಗಿ ತೆಂಗಿನಕಾಯಿ ಸುಲಿಯುವವನು. ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ ಮೂರೇ ತಿರುವಿಗೆ ಮಟ್ಟೆ ಬಿಡಿಸಿ ಎಸೆಯುತ್ತಾನೆ. ಅವನ ಅಂಗೈ ಮುಟ್ಟಿದರೆ ಮರದ ತೊಗಟೆ ಮುಟ್ಟಿದ ಹಾಗೆ.

ಕೊರಿಯರ್‌ನವರು ಊರೂರು ಸುತ್ತುವುದಿಲ್ಲ. ಸುತ್ತಲ ಹಳ್ಳಿಗಳಿಗೆ, ಅತ್ತ ನೊಣವಿನಕೆರೆಯವರೆಗಿನ ಊರುಗಳಿಗೆ ಬಂದ ಪಾರ್ಸೆಲ್ಲುಗಳನ್ನು ವನಜಾಕ್ಷಿಯ ಅಂಗಡಿಯಲ್ಲಿ ಇಳಿಸಿ ಹೋಗುತ್ತಾರೆ. ಸಂತೆಗೋ ತಾಲ್ಲೂಕು ಆಫೀಸಿಗೋ ಬಂದವರು ಒಯ್ಯುತ್ತಾರೆ. ಯಾರದೋ ಚಪ್ಪಲಿ, ಯಾರದೋ ಕುಕ್ಕರ್ ಗ್ಯಾಸ್ಕೆಟ್ಟು, ಯಾವುದೋ ಹುಡುಗಿ ಮನೆಯವರಿಗೆ ಕಾಣದಂತೆ ತರಿಸಿದ ಲಿಪ್‌ಸ್ಟಿಕ್ಕು. ಯಾವುದನ್ನೂ ವನಜಾಕ್ಷಿ ಅಲುಗಾಡಿಸಿ ನೋಡಿದವಳಲ್ಲ. "ವನಜಕ್ಕನ ಅಂಗಡೀಲಿ ಐತೆ ಅಂದ್ರೆ ನಮ್ಮನೆ ಬೀರೂಲಿ ಐತೆ ಅಂತ್ಲೇ," ಎಂದು ಜನ ಹೇಳುತ್ತಿದ್ದರು. ಆ ಮಾತು ಅವಳಿಗೆ ಹೊಲಿಗೆಯ ಕೂಲಿಗಿಂತ ದೊಡ್ಡದಾಗಿತ್ತು.

ಎರಡು ವರ್ಷದ ಹಿಂದೆ, ಆಷಾಢದ ಒಂದು ಜಡಿಮಳೆಯಲ್ಲಿ ಒಂದು ಡಬ್ಬಿ ಬಂತು. ಮೇಲಿನ ಚೀಟಿ ನೆಂದು ಕರಗಿಹೋಗಿತ್ತು. ಹೆಸರಿನ ಬಾಲ ಮಾತ್ರ ಉಳಿದಿತ್ತು: …ಪ್ರಸಾದ್. ಫೋನ್ ನಂಬರಿನಲ್ಲಿ ನಾಲ್ಕೇ ಅಂಕಿ. ವನಜಾಕ್ಷಿ ತನಗೆ ಗೊತ್ತಿದ್ದ ಮೂವರು ಪ್ರಸಾದರನ್ನೂ ಕೇಳಿದಳು. ಮೂವರೂ ನಮ್ಮದಲ್ಲ ಎಂದರು. ಕೊರಿಯರ್‌ನವನು, "ಸಿಸ್ಟಮಲ್ಲಿ ಡೆಲಿವರಿ ಆಗೈತೆ ಅಂತ ಹೊಡ್ದಾಯ್ತು ಅಕ್ಕ, ವಾಪಸ್ ತಗಳಕ್ಕಾಗಲ್ಲ," ಎಂದ. ಡಬ್ಬಿ ಲೈನಿಂಗ್ ಬಟ್ಟೆಗಳ ಮೇಲಿನ ಹಲಗೆಗೆ ಹೋಯಿತು. ದಸರಾ ಹೋಯಿತು, ಸಂಕ್ರಾಂತಿ ಹೋಯಿತು, ಯುಗಾದಿಯೂ ಹೋಯಿತು.

ಈಗ ಕೈ.

೩ (ಇದನ್ನು ನಾಲ್ಕು ಸಲ ಬರೆದಿದ್ದೇನೆ)

ಮೊದಲ ಸಲ ಬರೆದಾಗ ಇಲಿ ಡಬ್ಬಿ ಕಡಿದು ತೂತು ಮಾಡಿತ್ತು. "ಯಾವ ಇಲಿ?" ಎಂದು ವನಜಾಕ್ಷಿ ಕೇಳಿದಳು. ಎರಡನೇ ಸಲ ಡಬ್ಬಿ ತಾನಾಗಿ ಬಿದ್ದು ಒಡೆದಿತ್ತು. ಮೂರನೇ ಸಲ ಅವಳ ಒಂಟಿತನದ ಬಗ್ಗೆ ಒಂದು ಪುಟ ಬರೆದಿದ್ದೆ. ಅದನ್ನು ಓದಿದವಳಿಗೆ ಪಿನ್ನು ನುಂಗುವಷ್ಟು ನಗು ಬಂತು. "ಒಂಟಿ ಎಲ್ಲಿ ಬಂತು ಕಣ್ರೀ, ದಿನಾ ನಲವತ್ತು ಜನ ಬತ್ತಾರೆ. ನಾನೇ ತೆಗೆದೆ. ಮಧ್ಯಾಹ್ನ ಕರೆಂಟಿರಲಿಲ್ಲ, ಕೈ ಸುಮ್ಕಿತ್ತು, ತೆಗೆದೆ. ಅಷ್ಟೇಯ."

ಅಷ್ಟೇಯ. ಒಳಗೆ ಜಪಾನಿನ ಆನಿಮೆ ಕಾರ್ಟೂನುಗಳಲ್ಲಿ ಬರುವ ಒಂದು ಯುದ್ಧದ ರೋಬೋ ಇತ್ತು. ಇತ್ತು ಎಂದರೆ ಇರಲಿಲ್ಲ. ಚೌಕಟ್ಟುಗಳಿಗೆ ಅಂಟಿಕೊಂಡ ನೂರಾರು ಪ್ಲಾಸ್ಟಿಕ್ ಚೂರುಗಳಿದ್ದವು. ಬಿಳಿ, ನೀಲಿ, ಕೆಂಪು. ಒಂದೊಂದಕ್ಕೂ ನಂಬರು. ಜೊತೆಗೆ ಓದಲು ಬಾರದ ಅಕ್ಷರಗಳ ಒಂದು ಪುಸ್ತಕ, ಆದರೆ ತುಂಬ ಚಿತ್ರ. ವನಜಾಕ್ಷಿಗೆ ಅಕ್ಷರ ಬೇಕಾಗಲಿಲ್ಲ. ಅವಳಿಗೆ ಅದು ಬ್ಲೌಸಿನ ಪೇಪರ್ ಕಟಿಂಗ್‌ನಂತೆ ಕಂಡಿತು. ಮುಂಭಾಗ, ಬೆನ್ನು, ತೋಳು, ಪಟ್ಟಿ. ದಾರ ಕತ್ತರಿಸುವ ಕಟರಿನಿಂದ ಒಂದು ಚೂರು ಬಿಡಿಸಿದಳು. ಇನ್ನೊಂದನ್ನು ಬಿಡಿಸಿ ಅದಕ್ಕೆ ಒತ್ತಿದಳು. ಟಕ್ ಎಂದಿತು. ಅಂಟಿಲ್ಲ, ಹೊಲಿಗೆಯಿಲ್ಲ, ಆದರೂ ಕೂತಿತು.

ಆ 'ಟಕ್' ಬಗ್ಗೆ ಅವಳು ನನಗೆ ಹೇಳಿದ್ದನ್ನು ಹಾಗೇ ಇಡುತ್ತೇನೆ: "ಇಪ್ಪತ್ತಾರು ವರ್ಷ ಹೊಲ್ದಿದೀನಿ. ಕಂಕುಳು ಬಿಗಿ, ಕತ್ತು ಇಳಿದೈತೆ ಅಂತ ವಾಪಸ್ ಬರದಿರೋ ವಾರ ಇಲ್ಲ. ಇದು ಕೂತ್ರೆ ಕೂತಂಗೆ. ಯಾರೂ ಬಂದು ಬಿಚ್ಚಕ್ಕ ಅನ್ನಲ್ಲ."

ಹನ್ನೊಂದು ಮಧ್ಯಾಹ್ನ ಹಿಡಿಯಿತು. ಕಾಲು ಮುಗಿದ ದಿನ ಗಂಡನನ್ನು ಅಂಗಡಿಗೇ ಕರೆಸಿಕೊಂಡು, ರೋಬೋವಿನ ಮೊಣಕಾಲು ಮಡಚಿ ತೋರಿಸಿದಳು. ಸಣ್ಣತಿಮ್ಮಯ್ಯ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದ.

"ಲೇ ವನಜಾ, ನನ್ನ ಮೊಣಕಾಲೇ ಇಷ್ಟು ಸಲೀಸಾಗಿ ಮಡಚಲ್ಲ ಕಣೇ," ಎಂದ. ಆಮೇಲೆ ಮೆಲ್ಲಗೆ, "ಯಾರ್ದು ಇದು?" ಎಂದ.

ಅವಳು ರೋಬೋವಿನ ಮೊಣಕಾಲನ್ನು ಮತ್ತೆ ನೆಟ್ಟಗೆ ಮಾಡಿದಳು.

ಆಮೇಲಿನ ಒಂದು ವರ್ಷದಲ್ಲಿ ಅವಳು ತನ್ನ ಹೆಸರಿಗೇ, ತನ್ನದೇ ಅಂಗಡಿಯ ವಿಳಾಸಕ್ಕೆ, ಇನ್ನೂ ಆರು ರೋಬೋ ತರಿಸಿದಳು. ಎಲ್ಲವನ್ನೂ ಪರದೆಯ ಹಿಂದಿನ ಗೂಡಿನಲ್ಲಿ ನಿಲ್ಲಿಸಿದಳು. ಆರು ಅವಳವು. ಏಳನೆಯದು, ಅಂದರೆ ಮೊದಲನೆಯದು, ತಲೆಯ ಮೇಲೆ ಕೆಂಪು ಕೊಂಬಿದ್ದದ್ದು, ಅವಳದಲ್ಲ. ಅದಕ್ಕೆ ಜರಿಯಂಚಿನ ತುಂಡಿನಲ್ಲಿ ಒಂದು ಶಲ್ಯ ಹೊಲಿದು ಹೊದಿಸಿದ್ದಳು. ಹಾಗೆ ಮಾಡಿದರೆ ಯಾರಿಗೂ ಗುರುತು ಸಿಗದು ಎಂದುಕೊಂಡೆಯಾ ಎಂದು ನಾನು ಕೇಳಿದೆ. ಅವಳು ಮಿಷನ್ ಜೋರಾಗಿ ತುಳಿದಳು.

೫

(ನಾಲ್ಕು ಇಲ್ಲ. ನಾಲ್ಕರಲ್ಲಿ ಕಾಯಿ, ಕೊಬ್ಬರಿ, ಕೆರೆ ಏರಿಯ ವರ್ಣನೆ ಇತ್ತು. ಚೆನ್ನಾಗಿತ್ತು. ಕಥೆಗೆ ಬೇಕಿರಲಿಲ್ಲ.)

ಕಳೆದ ತಿಂಗಳು ಒಂದು ಬುಧವಾರ ನೊಣವಿನಕೆರೆಯಿಂದ ಶಿಲ್ಪ ಎಂಬಾಕೆ ಬ್ಲೌಸ್ ಹೊಲಿಸಲು ಬಂದಳು. ಹೊಸ ಗಿರಾಕಿ. ಮೂವತ್ತಾರು ಮೂವತ್ತೇಳರ ಹೆಂಗಸು, ಕಣ್ಣ ಸುತ್ತ ಕಪ್ಪು. ಪರದೆಯ ಹಿಂದೆ ಅಳತೆ ಕೊಡುತ್ತ, ಹೆಂಗಸರು ಟೈಲರಿಗೆ ಹೇಳಿಕೊಳ್ಳುವಂತೆ, ಹೇಳಿಕೊಂಡಳು.

"ಸ್ವಲ್ಪ ಸಡಿಲ ಇಡಿ ಅಕ್ಕ. ಸೊರಗೋಗಿದೀನಿ, ಮತ್ತೆ ತುಂಬ್ಕೋತೀನೋ ಏನೋ. ನಮ್ಮೆಜಮಾನ್ರು ಎರಡು ವರ್ಷದಿಂದ ನನ್ನ ಜೊತೆ ಸರಿಯಾಗಿ ಮಾತೇ ಆಡಲ್ಲ. ಬೈಯಲ್ಲ, ಹೊಡೆಯಲ್ಲ. ಕೇಳಿದ್ದಕ್ಕೆ ಹ್ಞೂಂ, ಉಹ್ಞೂಂ ಅಷ್ಟೇ. ಏನು ತಪ್ಪು ಮಾಡಿದೀನಿ ಅಂತ ಹೇಳಿದ್ರೆ ಕಾಲಾದ್ರೂ ಹಿಡೀಬಹುದು."

ವನಜಾಕ್ಷಿ "ಎಲ್ಲಾ ಸರಿಹೋಯ್ತದೆ ಬುಡವ್ವ" ಎನ್ನುತ್ತ ಟೇಪು ಸುತ್ತಿದಳು. ಅಷ್ಟರಲ್ಲಿ ಶಿಲ್ಪಳ ಕಣ್ಣು ಗೂಡಿನ ಮೇಲೆ ಬಿತ್ತು.

"ಅಯ್ಯೋ, ಇದು ನಿಮ್ಮ ಹತ್ರನೂ ಇದ್ಯಾ? ನಮ್ಮೋರ ಡೇರಿ ಕಂಪ್ಯೂಟರಲ್ಲಿ ಇದೇ ಚಿತ್ರ ಹಾಕ್ಕೊಂಡಿದಾರೆ. ಇದೇ ಕೆಂಪು ಕೊಂಬು."

"ನಿಮ್ಮ ಯಜಮಾನ್ರ ಹೆಸರೇನವ್ವ?"

"ರೇಣುಕಪ್ರಸಾದ್."

ವನಜಾಕ್ಷಿಯ ಕೈಯಿಂದ ಟೇಪು ಜಾರಿತು. ಬಗ್ಗಿ ತೆಗೆದುಕೊಂಡಳು. ಅಳತೆ ಮತ್ತೆ ಮೊದಲಿಂದ ತೆಗೆದಳು. ಬರೆದುಕೊಳ್ಳುವಾಗ ಎದೆಯ ಅಳತೆಯನ್ನು ಸೊಂಟದ ಜಾಗದಲ್ಲಿ ಬರೆದಳು.

ಅಂದಿನಿಂದ ಅವಳಿಗೆ ನಿದ್ದೆಯಿಲ್ಲ, ಊಟ ಸೇರದು. ಯಾರು ಬಾಗಿಲಿಗೆ ಬಂದರೂ ರೇಣುಕಪ್ರಸಾದರೇ ಪೊಲೀಸರನ್ನು ಕರೆದುಕೊಂಡು ಬಂದರೆಂದುಕೊಂಡು ಮಿಷನ್ ನಿಲ್ಲಿಸುತ್ತಿದ್ದಳು. ಪೊಲೀಸರಿಗಿಂತ ಹೆಚ್ಚಾಗಿ ಅವಳಿಗೆ ಹೆದರಿಕೆ ಇದ್ದದ್ದು ಒಂದೇ ಮಾತಿಗೆ: 'ವನಜಕ್ಕನ ಅಂಗಡೀಲಿ ಇಡಬೇಡ್ರಪ್ಪ, ಬಿಚ್ಚಿಬಿಡ್ತಾಳೆ.'

ಇಲ್ಲಿ ನಾನು ಅವಳಿಗೆ ಕೆಲವು ದಾರಿ ತೋರಿಸಿದೆ.

ಕ. ರೋಬೋವನ್ನು ಕೆರೆಗೆ ಎಸೆದುಬಿಡುವುದು. ("ನಾನು ಕಟ್ಟಿದ್ದನ್ನ ನಾನೇ ಮುಳುಗಿಸ್ಲಾ? ನಿಮಗೆ ಕರುಳಿಲ್ವಾ?")

ಖ. ಅದೇ ಥರದ ಇನ್ನೊಂದು ಡಬ್ಬಿ ತರಿಸಿ, ಚೀಟಿ ನೆನೆಸಿ, 'ಈಗ ಸಿಕ್ತು' ಎಂದು ಕೊಡುವುದು. (ಇದು ನನಗೆ ಬಹಳ ಹಿಡಿಸಿತ್ತು. ಸಣ್ಣತಿಮ್ಮಯ್ಯ ಬಾಗಿಲಲ್ಲೇ ನಿಂತು, "ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಪೇರಿಸಿದ್ರೆ ಬೀಳೋವಾಗ ಎರಡೂ ತಲೆ ಮೇಲೇ ಬೀಳ್ತವೆ ಕಣಮ್ಮ" ಎಂದ. ಅವನನ್ನು ಕಥೆಗೆ ಕರೆದಿದ್ದು ಯಾರೋ ತಿಳಿಯದು.)

ಗ. ರೇಣುಕಪ್ರಸಾದ್ ಆ ಡಬ್ಬಿಯನ್ನು ತರಿಸಿದ್ದು ಕಾಯಿಲೆಯಲ್ಲಿದ್ದ ಮಗನಿಗಾಗಿ. ಅದು ಬರುವಷ್ಟರಲ್ಲಿ ಮಗ…

"ಏಯ್!" ವನಜಾಕ್ಷಿ ಕತ್ತರಿ ಕೆಳಗಿಟ್ಟಳು. "ಯಾರನ್ನೂ ಸಾಯ್ಸಬಾರದು. ಅವರಿಗೆ ಮಕ್ಕಳೇ ಇಲ್ಲ. ಇಲ್ಲದ ಮಗೂನ ಹುಟ್ಟಿಸಿ ಸಾಯ್ಸೋಕೆ ನಿಮಗೆ ಎಷ್ಟು ಧೈರ್ಯ?"

(ಸ್ಪರ್ಧೆಗೆ ಕಳಿಸುವ ಕಥೆಯಲ್ಲಿ ಒಬ್ಬರಾದರೂ ಸಾಯಬೇಕೆಂಬುದು ನನ್ನ ಅನುಭವ. ಈ ಕಥೆಗೆ ಬಹುಮಾನ ಬರುವುದಿಲ್ಲ ಎಂಬುದು ಇಲ್ಲಿಗೆ ಖಾತ್ರಿಯಾಯಿತು. ಸಾಯಿಸುವ ಪುಟ ಹರಿದು ಅವಳ ಕಸದ ಬುಟ್ಟಿಗೇ ಹಾಕಿದೆ, ಚಿಂದಿಯ ಜೊತೆ.)

"ಮತ್ತೆ ಏನು ಮಾಡಿದೆ?" ಎಂದು ಕೇಳಿದೆ.

"ಬಸ್ ಹತ್ತಿದೆ."

೬

ಭಾನುವಾರ. ಕೆಂಪು ಕೊಂಬಿನವನನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ವೈರ್ ಬ್ಯಾಗಿನಲ್ಲಿಟ್ಟುಕೊಂಡಳು. ಅದರ ಪಕ್ಕ, ತನಗೆಂದು ಹೊಸದಾಗಿ ತರಿಸಿ ಇನ್ನೂ ಒಡೆಯದೆ ಇಟ್ಟಿದ್ದ ಒಂದು ಡಬ್ಬಿ. ಸಣ್ಣತಿಮ್ಮಯ್ಯ ಬಸ್ ಸ್ಟ್ಯಾಂಡಿನವರೆಗೆ ಬಂದ.

"ನಾನೂ ಬರ್ಲಾ?"

"ಬ್ಯಾಡ. ಬೈಯಿಸ್ಕೊಳ್ಳೋದನ್ನ ನೀವು ನೋಡಬಾರದು."

"ಬೈದ್ರೆ ಬೈಯಿಸ್ಕೊಂಡು ಬಾ. ಒಂದು ಮಾತೂ ಎದುರಾಡಬ್ಯಾಡ," ಎಂದವನು ಬಸ್ಸು ಹೊರಟ ಮೇಲೂ ಕಿಟಕಿಯ ಪಕ್ಕ ಹತ್ತು ಹೆಜ್ಜೆ ಓಡಿಬಂದು, "ಏನಾದ್ರೂ ತಿನ್ನು!" ಎಂದು ಕೂಗಿದ.

ರೇಣುಕಪ್ರಸಾದರ ಮನೆ ಸಿಗುವುದು ಕಷ್ಟವಾಗಲಿಲ್ಲ. ಡೇರಿ ಕಾರ್ಯದರ್ಶಿ ಎಂದರೆ ಹಾಲು ಹಾಕುವವರೆಲ್ಲರಿಗೂ ಗೊತ್ತು. ಹಣೆಯಲ್ಲಿ ವಿಭೂತಿ, ಮಡಿಸಿದ ತೋಳಿನ ಬಿಳಿ ಷರಟು, ನಗುವುದನ್ನು ಮರೆತಂಥ ಮುಖ. ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು. ಶಿಲ್ಪ ಒಳಗಿನಿಂದ ಬಂದು, "ಅಯ್ಯೋ ವನಜಕ್ಕ! ಬ್ಲೌಸ್ ಕೊಡೋಕೆ ಇಲ್ಲೀವರೆಗೂ ಬಂದ್ರಾ?" ಎಂದಳು.

ವನಜಾಕ್ಷಿ ಕೂರಲಿಲ್ಲ. ಕೂತರೆ ಕಾಫಿ ಕೊಡುತ್ತಾರೆ, ಕಾಫಿ ಕುಡಿದರೆ ಹೇಳಲಾಗುವುದಿಲ್ಲ ಎಂದು ಬಸ್ಸಿನಲ್ಲೇ ತೀರ್ಮಾನ ಮಾಡಿದ್ದಳು. ಟವೆಲ್ ಬಿಚ್ಚಿ ರೋಬೋವನ್ನು ಜಗಲಿಯ ಮೇಲೆ ನಿಲ್ಲಿಸಿದಳು.

"ಇದು ನಿಮ್ದು ಸ್ವಾಮಿ. ಎರಡು ವರ್ಷದ ಹಿಂದೆ ನನ್ನ ಅಂಗಡೀಗೆ ಬಂತು. ಚೀಟಿ ನೆಂದಿತ್ತು, ಪ್ರಸಾದ್ ಅಂತ ಮಾತ್ರ ಇತ್ತು. ಹುಡುಕಿದೆ, ಸಿಗಲಿಲ್ಲ. ಸಿಗಲಿಲ್ಲ ಅಂತ ಇಟ್ಕೊಂಡಿದ್ರೆ ಪರವಾಗಿರಲಿಲ್ಲ. ನಾನು ಬಿಚ್ಚಿದೆ. ಬಿಚ್ಚಿ ಕಟ್ಟಿದೆ. ತಪ್ಪಾಯ್ತು."

ರೇಣುಕಪ್ರಸಾದರು ರೋಬೋವನ್ನು ನೋಡಿದರು. ಅದರ ಶಲ್ಯವನ್ನು ನೋಡಿದರು. ಆಮೇಲೆ ಅವಳನ್ನಲ್ಲ, ಹೆಂಡತಿಯನ್ನು ನೋಡಿದರು.

"ನೀನು ಒಲೆಗೆ ಹಾಕಿರಲಿಲ್ವಾ?"

"ಏನನ್ನ?" ಎಂದಳು ಶಿಲ್ಪ.

"ಇದನ್ನ."

"ನಾನ್ಯಾಕ್ರೀ ಇದನ್ನ ಒಲೆಗೆ ಹಾಕ್ಲಿ? ನಾನು ಇದನ್ನ ನೋಡಿದ್ದೇ ಹೋದ ತಿಂಗಳು, ಇವರ ಅಂಗಡೀಲಿ!"

"ನೀನೇ ಹೇಳಿದ್ದೆ. ಮೊದಲನೇ ರೋಬೋ ಬಂದಾಗ. 'ಇನ್ನೊಂದು ಗೊಂಬೆ ಈ ಮನೆಗೆ ಬಂದ್ರೆ ಹಂಡೆ ಒಲೆಗೆ ಹಾಕ್ತೀನಿ' ಅಂತ. ಆಮೇಲೆ ಇದನ್ನ ತರಿಸ್ದೆ. ಫೋನಲ್ಲಿ, 'ಮನೆಯವರ ಕೈಗೆ ಕೊಡಲಾಗಿದೆ' ಅಂತ ಬಂತು. ಮನೆಗೇ ತಂದು ಕೊಟ್ರು ಅಂದ್ಕೊಂಡೆ. ಮನೆಯವರು ಅಂದ್ರೆ ನೀನೇ ತಾನೆ? ಸಂಜೆ ಬಂದು ನೋಡ್ತೀನಿ, ಡಬ್ಬಿ ಇಲ್ಲ. ಒಲೇಲಿ ಏನೋ ಪ್ಲಾಸ್ಟಿಕ್ ಸುಟ್ಟ ವಾಸನೆ."

"ಅದು ಹಾಲಿನ ಕವರ್ರು ಕಣ್ರೀ!"

"ಡೇರಿ ಕಾರ್ಯದರ್ಶಿ ಮನೇಲಿ ಹಾಲಿನ ಕವರ್ ಎಲ್ಲಿಂದ ಬರುತ್ತೆ?"

"ನಿಮ್ಮಕ್ಕ ಬಂದಿದ್ರು. ಅವರು ತಂದಿದ್ದು!"

ವನಜಾಕ್ಷಿ ಕೇಳದೆಯೇ ಜಗಲಿಯ ತುದಿಗೆ ಕೂತುಬಿಟ್ಟಳು.

"ಎರಡು ವರ್ಷ," ಎಂದಳು ಶಿಲ್ಪ. "ಎರಡು ವರ್ಷ ಇದನ್ನ ಹೊಟ್ಟೇಲಿಟ್ಕೊಂಡು ನಾನು ಮಾಡಿದ್ದನ್ನ ತಿಂದ್ರಾ? ಒಂದು ಮಾತು ಕೇಳಬಾರದಿತ್ತಾ? ನಾನು ಏನೇನು ಅಂದ್ಕೊಂಡಿದ್ದೆ ಗೊತ್ತಾ? ಮಕ್ಕಳಾಗಲಿಲ್ಲ ಅಂತ ನನ್ನ ಬೇಡ ಅಂತಿದಾರೆ ಅಂದ್ಕೊಂಡಿದ್ದೆ. ಅಮ್ಮನ ಮನೆಗೆ ಹೋಗಿಬಿಡೋಣ ಅಂತ ಎರಡು ಸಲ ಬಟ್ಟೆ ಕಟ್ಟಿದ್ದೆ."

ರೇಣುಕಪ್ರಸಾದರ ಕೈಯಲ್ಲಿದ್ದ ಪೇಪರ್ ಕೆಳಗೆ ಬಿತ್ತು. ದಿನಕ್ಕೆ ಇನ್ನೂರು ಜನರ ಹಾಲಿನ ಡಿಗ್ರಿ ಕೂಗಿ ಹೇಳುವವರು ಬಗ್ಗಿ ಅದನ್ನು ಎತ್ತಿ ನಾಲ್ಕು ಮಡಿಕೆ ಮಾಡಿದರು. ಕೊನೆಗೆ, "ಮಕ್ಕಳ ಮಾತು ಯಾಕೆ ಶಿಲ್ಪ," ಎಂದರು. "ನಂಗೆ… ಬರೀ ಗೊಂಬೆ ಸುಟ್ಟೋಯ್ತು ಅಂತ ಇಷ್ಟು ದುಃಖ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗ್ತಿತ್ತು. ನಲವತ್ತೆರಡು ವರ್ಷದ ಗಂಡಸು. ಹೇಳಿದ್ರೆ ನೀನು ನಗ್ತಿದ್ದೆ."

"ನಗ್ತಿದ್ದೆ," ಎಂದಳು ಶಿಲ್ಪ, ಸೆರಗಿನಲ್ಲಿ ಮೂಗು ಒರೆಸುತ್ತ. "ನಕ್ಕಿದ್ರೆ ಅವತ್ತೇ ಮುಗಿದೋಗ್ತಿತ್ತು." ಹಾಗೆಂದವಳು ಆಗಲೇ ನಗಲು ಶುರುಮಾಡಿದ್ದಳು. ಅಳುವೂ ನಿಂತಿರಲಿಲ್ಲ. ರೇಣುಕಪ್ರಸಾದರು ಎದ್ದು ಬಂದು ಅವಳ ಪಕ್ಕ ನಿಂತರು. ಮುಟ್ಟಲಿಲ್ಲ, ಹೊರಗಿನವರಿದ್ದರು. ಆದರೆ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತರು. ವನಜಾಕ್ಷಿ ಬೀದಿ ಕಡೆ ಮುಖ ತಿರುಗಿಸಿಕೊಂಡಳು. ಅವಳ ಎದೆಯ ಮೇಲಿನ ಚಪ್ಪಡಿ ಎಷ್ಟು ಹೊತ್ತಿಗೆ ಜಾರಿತೋ ಅವಳಿಗೇ ತಿಳಿಯಲಿಲ್ಲ. ಹಸಿವಾಗುತ್ತಿದೆ ಎಂದು ಮಾತ್ರ ತಿಳಿಯಿತು.

೬ (ಮುಂದುವರಿದು, ಏಳು ಎಂದು ಬರೆದಿದ್ದೆ, ಶಿಲ್ಪ ಊಟಕ್ಕೆ ಎಬ್ಬಿಸಿದ್ದರಿಂದ ಅಲ್ಲೇ ಉಳಿಯಿತು)

ಮುದ್ದೆ, ಅವರೆಕಾಳಿನ ಸಾರು. ವನಜಾಕ್ಷಿ ಎರಡು ಮುದ್ದೆ ಉಂಡಳು. ಉಣ್ಣುವಾಗಲೂ ರೇಣುಕಪ್ರಸಾದರ ಕಣ್ಣು ರೋಬೋ ಮೇಲೇ.

"ಒಂದು ಮಾತು ಕೇಳ್ಬೋದಾ? ಇದಕ್ಕೆ ಶಲ್ಯ ಯಾಕೆ?"

"ಬರೀ ಮೈಲಿ ನಿಂತಿತ್ತು ಸ್ವಾಮಿ."

"ಅದು ಕವಚ."

"ಕವಚ ಆದ್ರೂ ನೋಡೋಕೆ ಬರೀ ಮೈನೇ ಅಲ್ವಾ."

ಅವರು ಕೈ ತೊಳೆದು ಬಂದು ರೋಬೋವನ್ನು ತಿರುಗಿಸಿ ನೋಡಿದರು. ತುಟಿ ಬಿಗಿಹಿಡಿದು, ಕೊನೆಗೆ ತಡೆಯಲಾರದೆ ಹೇಳಿದರು: "ಪಾದ ಅದಲು ಬದಲಾಗಿದೆ. ಎಡಗಾಲಿಂದು ಬಲಗಾಲಿಗೆ."

ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಎಡ ತೋಳನ್ನು ಬಲಕ್ಕೆ ಕೂಡಿಸದ ವನಜಾಕ್ಷಿ ಮುಖಕ್ಕೆ ಕೈ ಮುಚ್ಚಿಕೊಂಡಳು. ಕಳ್ಳತನ ಒಪ್ಪಿಕೊಳ್ಳುವಾಗ ಆಗದಿದ್ದ ನಾಚಿಕೆ ಈಗಾಯಿತು. ಸರಿಮಾಡಲು ಅವರು ಕೈ ಹಾಕಿದಾಗ, "ಬ್ಯಾಡಿ ಬುಡಿ, ಅದಕ್ಕೆ ಹಂಗೇ ಅಭ್ಯಾಸ ಆಗೈತೆ," ಎಂದಳು.

"ಹಾಗಾದ್ರೆ ನೀವೇ ಇಟ್ಕೊಳ್ಳಿ," ಎಂದರು ಅವರು. "ನಾನು ತರಿಸಿದ್ದು ಕಟ್ಟೋಕೆ. ಕಟ್ಟಿದ್ದು ನೀವು. ಕಟ್ಟಿಯಾದ ಮೇಲೆ ಇದು ನನ್ನದು ಹೇಗಾಗುತ್ತೆ?"

ಆಗ ವನಜಾಕ್ಷಿ ಬ್ಯಾಗಿನಿಂದ ಒಡೆಯದ ಡಬ್ಬಿ ತೆಗೆದು ಮುಂದೆ ಇಟ್ಟಳು. ಅವರು ಬೇಡ ಎಂದರು, ಇವಳು ಹಿಡಿಯಿರಿ ಎಂದಳು. ಈ ಕೊಟ್ಟು ತಳ್ಳುವ ಆಟ ಬಹಳ ಹೊತ್ತು ನಡೆಯಿತು. ಅದನ್ನು ಮುಗಿಸಿದ್ದು ಶಿಲ್ಪ. ಅಡುಗೆಮನೆಯಿಂದ ಚಾಕು ತಂದು ಡಬ್ಬಿಯ ಟೇಪನ್ನು ಸರ್ರನೆ ಸೀಳಿದಳು.

"ಯಾರೂ ತಗೋಬೇಡಿ. ಮೂರು ಜನನೂ ಕೂತ್ಕೊಳ್ಳೋಣ. ಇದರಲ್ಲಿ ಅಂಥಾದ್ದೇನಿದೆ ನಾನೂ ನೋಡ್ತೀನಿ."

೮

ಈಗ ಮುಗಿಸಬೇಕು. ನನ್ನ ಬಳಿ ಮೂರು ಮುಕ್ತಾಯಗಳಿವೆ. ಒಂದರಲ್ಲಿ ತುರುವೇಕೆರೆಯಲ್ಲಿ ರೋಬೋ ಕಟ್ಟುವವರ ಸಂಘವೇ ಆಗಿ ತಹಶೀಲ್ದಾರರು ಟೇಪು ಕತ್ತರಿಸುತ್ತಾರೆ. ಇನ್ನೊಂದರಲ್ಲಿ ಶಿಲ್ಪ ಗಂಡನಿಗಿಂತ ಹೆಚ್ಚು ಹುಚ್ಚಿಯಾಗಿ, 'ಇನ್ನೊಂದು ಗೊಂಬೆ ಮನೆಗೆ ಬಂದ್ರೆ…' ಎಂದು ಹೆದರಿಸುವ ಸರದಿ ಅವರಿಗೆ ಬರುತ್ತದೆ. ಮೂರನೆಯದರಲ್ಲಿ ಮನುಷ್ಯಸಂಬಂಧಗಳು ಹೇಗೆ ಬಿಡಿಭಾಗಗಳಂತೆ ಎಂಬ ಬಗ್ಗೆ ಒಂದು ಪ್ಯಾರಾ ಇದೆ. (ಅದನ್ನು ನಾನೇ ಅಳಿಸಿದೆ. ನನಗೂ ಸ್ವಲ್ಪ ಮಾನ ಇದೆ.)

"ಯಾವುದೂ ಆಗಲಿಲ್ಲ," ಎಂದಳು ವನಜಾಕ್ಷಿ. "ಮುಗೀಲೇ ಇಲ್ಲ ಅದು. ಎರಡು ಕಾಲು, ಒಂದು ಕೈ ಆಯ್ತು. ಐದೂವರೆ ಬಸ್ ಬಂತು, ನಾನು ಎದ್ದುಬಂದೆ."

"ಉಳಿದದ್ದನ್ನ ಅವರಿಬ್ಬರೇ ಕಟ್ಟಿದರೋ, ನಿನಗೆ ಕಾಯುತ್ತಿದ್ದಾರೋ?"

"ಕೇಳಿಲ್ಲ. ಗಂಡ ಹೆಂಡ್ತಿ ಮಾತಾಡ್ತಾ ಕೂತವ್ರೆ, ಕೇಳಬಾರದು."

"ಮತ್ತೆ ಕಥೆ ಎಲ್ಲಿ ನಿಲ್ಲಿಸಲಿ? ನೀನು ತುರುವೇಕೆರೆಯಲ್ಲಿ ಇಳಿದು ಮನೆಗೆ ಹೋದಲ್ಲಿಗೆ ಸಾಕೇ?"

ಅವಳು ನಗತೊಡಗಿದಳು. "ಇಳಿದಿದ್ರೆ ತಾನೇ?"

ಆಗಿದ್ದು ಇಷ್ಟು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಗಾಳಿ ಬೀಸಿತು. ವನಜಾಕ್ಷಿ ಕೆಂಪು ಕೊಂಬಿನವನಿದ್ದ ವೈರ್ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕಂಬಿಗೆ ತಲೆ ಒರಗಿಸಿದಳು, ಅಷ್ಟೇ. ತಿಂಗಳ ನಿದ್ದೆಯೆಲ್ಲ ಒಟ್ಟಿಗೆ ಬಂದು ಮೇಲೆ ಬಿತ್ತು. ತುರುವೇಕೆರೆ ಬಂದದ್ದು, ಜನ ಇಳಿದದ್ದು, ಬೇರೆ ಜನ ಹತ್ತಿದ್ದು, ಬಸ್ಸು ಹೊರಟದ್ದು, ಯಾವುದೂ ಅವಳಿಗೆ ತಿಳಿಯಲಿಲ್ಲ. ಕಂಡಕ್ಟರ್ ಭುಜ ತಟ್ಟಿ ಎಬ್ಬಿಸಿದಾಗ ಹೊರಗೆ ಬೇರೆಯದೇ ಊರು.

"ಅಕ್ಕಾ, ಮಾಯಸಂದ್ರ. ಎಲ್ಲಿಗ್ ಹೋಗ್ಬೇಕಿತ್ತು ನೀವು?"

"ತುರುವೇಕೆರೆ."

"ಅದು ಹೋಗಿ ಬಾಳ ಹೊತ್ತಾಯ್ತು. ಎರಡು ಸಲ ಕೂಗಿದೆ. ಅಂಥಾ ನಿದ್ದೆ ಮಾಡ್ತಿದ್ರಿ, ಅಲ್ಲಾಡ್ಸಿ ಎಬ್ಸೋಕೆ ಮನಸ್ಸೇ ಬರ್ಲಿಲ್ಲ."

ಅವಳು ಇಳಿದಳು. ಸಂಜೆಯ ಬೆಳಕು ಇನ್ನೂ ಇತ್ತು. ಹಿಂದಕ್ಕೆ ಹೋಗುವ ಬಸ್ಸು ಯಾವಾಗಲೋ ಗೊತ್ತಿರಲಿಲ್ಲ. ಗಂಡನಿಗೆ ಫೋನ್ ಮಾಡಿದಳು. ಮೊದಲ ರಿಂಗಿಗೇ ಎತ್ತಿದ ಸಣ್ಣತಿಮ್ಮಯ್ಯ, "ಏನಂದ್ರು? ಬೈದ್ರಾ?" ಎಂದು ಉಸಿರು ಬಿಡದೆ ಕೇಳಿದ.

"ಇಲ್ಲ. ಮಾಯಸಂದ್ರಕ್ಕೆ ಬಂದುಬುಟ್ಟಿದೀನಿ."

"ಮಾಯಸಂದ್ರ? ಅಲ್ಲೇನೇ ಕೆಲಸ?"

"ಏನಿಲ್ಲ. ನಿದ್ದೆ ಬಂದಿತ್ತು."

ಆ ಕಡೆ ಅವನು ಜೋರಾಗಿ ನಕ್ಕ. ಎಷ್ಟು ಜೋರೆಂದರೆ ಪಕ್ಕದಲ್ಲಿ ಸೌತೆಕಾಯಿ ಮಾರುತ್ತಿದ್ದವಳೂ ಫೋನಿನ ಕಡೆ ತಿರುಗಿ ನೋಡಿದಳು.

ವನಜಾಕ್ಷಿಯನ್ನು ವಾಪಸು ಕರೆತರುವ ಬಸ್ಸನ್ನು ಈಗಲೇ ಬರೆದುಬಿಡಲೇ ಎಂದು ಕೇಳಿದೆ. ಬರೆಯುವುದು ಸುಲಭ. ಒಂದೇ ಸಾಲು.

"ಏನೂ ಬ್ಯಾಡ," ಎಂದಳು. "ನನ್ನ ಅಲ್ಲೇ ಬುಡಿ. ಬಸ್ ಬಂದಾಗ ಬತ್ತೀನಿ."